ಅವರೇ ಬರೋದಾ, ನಮ್ಮವರೂ ಹೋಗಬಹುದಾ?

ಅಮೆರಿಕದ ವಿದ್ಯಾರ್ಥಿಗಳು ವರ್ಷ ವರ್ಷ ನಿಮ್ಮ ಮೆಡಿಕಲ್ ಕಾಲೇಜಿಗೆ ಬಂದು ವಾರ್ಡ್ ಸುತ್ತಿ ಹೋಗುತ್ತಾರೆ, ನಮ್ಮವರು ಅಲ್ಲಿಗೆ ಹೋಗೋಕೆ ಆಗಲ್ವಾ ಅಂತ ಕೇಳಿದ್ದೀರಿ. ಆಗುತ್ತೆ. ಕೀನ್ಯಾದ ಎಲ್ಡೊರೆಟ್ ನಗರ ನೋಡಿ. ಅಲ್ಲಿನ ಮೋಯ್ ವಿಶ್ವವಿದ್ಯಾಲಯಕ್ಕೂ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯಕ್ಕೂ 1989ರಿಂದ ನಂಟು. ಅಮೆರಿಕದವರು ಎಲ್ಡೊರೆಟ್‌ಗೆ ಬಂದ ಹಾಗೆ ಮೋಯ್ ವಿದ್ಯಾರ್ಥಿಗಳೂ ಇಂಡಿಯಾನಾಗೆ ಎಲೆಕ್ಟಿವ್‌ಗೆ, ಅಂದರೆ ಓದಿನ ನಡುವೆ ತಾವೇ ಆರಿಸಿಕೊಂಡ ಕಡೆ ಕೆಲವು ವಾರ ಕಲಿಯೋಕೆ, ಹೋಗುತ್ತಾರೆ. ಇಂಡಿಯಾನಾದ ಡಾಕ್ಟರುಗಳು ಎಲ್ಡೊರೆಟ್‌ನಲ್ಲೇ ಮನೆ ಮಾಡಿಕೊಂಡು ಪಾಠ ಮಾಡಿದ್ದಾರೆ. ಸುಮ್ನೆ ಬಂದು ಫೋಟೋ ತೆಗೆಸಿಕೊಂಡು ಹೋದವರಲ್ಲ.

ಆದರೆ ಅಮೆರಿಕಕ್ಕೆ ಯಾವಾಗ ಹೋಗ್ತೀರಿ ಅನ್ನೋದು ಮುಖ್ಯ. ಎಂಬಿಬಿಎಸ್ ಕೊನೆಯ ವರ್ಷದಲ್ಲಿ ಎಲೆಕ್ಟಿವ್ ಸಿಕ್ಕರೆ, ಅಲ್ಲಿನ ಡಾಕ್ಟರ ಕಣ್ಣೆದುರಿಗೆ ರೋಗಿಯನ್ನು ಮಾತಾಡಿಸಬಹುದು, ಸ್ಟೆತಾಸ್ಕೋಪ್ ಇಟ್ಟು ನೋಡಬಹುದು, ಬೆಳಗಿನ ರೌಂಡ್ಸ್‌ನಲ್ಲಿ ಕೇಸ್ ಹೇಳಬಹುದು. ಡಿಗ್ರಿ ಕೈಗೆ ಬಂದ ಮೇಲೆ ಹೋದರೆ ಅಲ್ಲಿನ ಲೈಸೆನ್ಸ್ ಇಲ್ಲದ ಕಾರಣ ಹೆಚ್ಚಿನ ಕಡೆ ಬರೀ ಅಬ್ಸರ್ವರ್, ಅಂದರೆ ರೋಗಿಯನ್ನು ಮುಟ್ಟದೆ ನಿಂತು ನೋಡುವವರು. ಓದು ಮುಗಿಸಿದವರಿಗೇ ಕಡಿಮೆ ಅವಕಾಶ! ವಿಚಿತ್ರ ಅಲ್ವಾ?

ಇನ್ನು ದುಡ್ಡು. ಟಿಕೆಟ್, ವೀಸಾ, ಉಳಿಯೋ ಜಾಗ, ಮಾಲ್‌ಪ್ರಾಕ್ಟಿಸ್ ವಿಮೆ (ಚಿಕಿತ್ಸೆಯಲ್ಲಿ ತಪ್ಪಾಯಿತು ಅಂತ ಕೇಸ್ ಬಿದ್ದರೆ ನೆರವಾಗುವ ವಿಮೆ) ಎಲ್ಲಾ ಸೇರಿದರೆ ನಮ್ಮ ವಿದ್ಯಾರ್ಥಿಗೆ ಭಾರ ಜಾಸ್ತಿ. ಹಣದ ಅನುಕೂಲ ಇರುವ ಕಾಲೇಜೇ ಅದನ್ನು ಹೊರಬೇಕು ಅನ್ನೋದು ನನ್ನ ಅಭಿಪ್ರಾಯ. ಅವರು ಹತ್ತು ಜನ ಬಂದರೆ ನಮ್ಮವರು ಇಬ್ಬರಾದರೂ ಹೋಗಲಿ. ನಿಮ್ಮ ಕಾಲೇಜಿಗೂ ಅಮೆರಿಕದ ಕಾಲೇಜಿಗೂ ಆಗಿರುವ ಒಪ್ಪಂದದ ಪ್ರತಿಯನ್ನು ಡೀನ್ ಹತ್ತಿರ ಕೇಳಿ ನೋಡಿ. ನಮ್ಮ ಕಡೆಯಿಂದ ಎಷ್ಟು ಜನ, ಖರ್ಚು ಯಾರದು ಅಂತ ಬರೆದಿಲ್ಲದಿದ್ದರೆ, ನವೀಕರಣದ ಹೊತ್ತಿಗೆ ಸೇರಿಸಲು ಈಗಲೇ ಅರ್ಜಿ ಕೊಡಿ.