ಐದು ವರ್ಷದ ಮಗುವಿಗೆ ಬೇಸ್‌ಬಾಲ್: ದೊಡ್ಡ ಲೀಗ್ ಬೇಡ, ಹತ್ತಿರದ್ದು ಸಾಕು

ನ್ಯೂಜೆರ್ಸಿಗೆ ಹೊಸದಾಗಿ ಬಂದಿದ್ದೇವೆ, ನಮ್ಮಿಬ್ಬರಿಗೂ ಬೇಸ್‌ಬಾಲ್ ಗೊತ್ತಿಲ್ಲ, ಐದು ವರ್ಷದ ಮಗಳು ಉಳಿದ ಮಕ್ಕಳಿಗಿಂತ ಹಿಂದೆ ಬೀಳದ ಹಾಗೆ ಯಾವ ಲೀಗ್ ಅಥವಾ ಅಕಾಡೆಮಿಗೆ ಸೇರಿಸಬೇಕು ಅಂತ ಕೇಳಿದ್ದೀರಿ. ನನ್ನ ಮಗನಿಗೆ ಅದೇ ವಯಸ್ಸಿದ್ದಾಗ ನಾವೂ ಇದೇ ರಾಜ್ಯದಲ್ಲಿ ಇದೇ ಪ್ರಶ್ನೆ ಹಿಡಿದು ಓಡಾಡಿದ್ದೆವು.

ಬೆಂಗಳೂರಿನಿಂದ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಏಪ್ರಿಲ್‌ನಲ್ಲಿ ಚಳಿ ಕಡಿಮೆಯಾದಾಗ ಮನೆ ಹತ್ತಿರದ ಪಾರ್ಕಿನಲ್ಲಿ ಅವನ ಕ್ಲಾಸಿನ ಮಕ್ಕಳೇ ಬಣ್ಣದ ಟೀ ಶರ್ಟ್, ಟೋಪಿ ಹಾಕಿಕೊಂಡು ಆಡುತ್ತಿದ್ದರು. ಇವನು ಬೇಲಿ ಬಿಟ್ಟು ಬರಲೇ ಇಲ್ಲ. ಅವತ್ತೇ ಊರಿನ ಲೀಗಿಗೆ ಫೋನ್ ಮಾಡಿದೆ. ಹೆಸರು ಬರೆಸುವುದು ಚಳಿಗಾಲದಲ್ಲೇ ಮುಗಿದಿದೆ, ತಂಡಗಳು ತುಂಬಿವೆ ಅಂದರು.

ನನ್ನ ತಪ್ಪು ಇಲ್ಲಿಂದಲೇ ಶುರು. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಮ್ಮ ಕಡೆಯಿಂದ ಬಂದ ಬಹಳ ಅಪ್ಪ ಅಮ್ಮಂದಿರು ಇಲ್ಲೇ ಎಡವುತ್ತಾರೆ. ನಮ್ಮ ತಲೆಯಲ್ಲಿರುವುದು ಊರಿನ ಬೇಸಿಗೆ ಶಿಬಿರದ ಲೆಕ್ಕ. ಪರೀಕ್ಷೆ ಮುಗಿದ ಮೇಲೆ ಹೋಗಿ ದುಡ್ಡು ಕಟ್ಟಿದರೆ ಮಾರನೇ ದಿನ ಮಗು ಮೈದಾನದಲ್ಲಿರುತ್ತದೆ. ಇಲ್ಲಿ ಊರಿನ ಲೀಗ್ ನಡೆಸುವವರು ಕೆಲಸಕ್ಕೆ ಹೋಗುವ ಅಪ್ಪ ಅಮ್ಮಂದಿರೇ, ಸಂಬಳ ಇಲ್ಲದೆ. ಎಷ್ಟು ಮಕ್ಕಳು ಅಂತ ಮೊದಲೇ ಗೊತ್ತಾಗದೆ ಅವರು ತಂಡ ಮಾಡುವ ಹಾಗಿಲ್ಲ. ತಂಡ ಆಗದೆ ಯೂನಿಫಾರ್ಮ್ ಆರ್ಡರ್ ಮಾಡುವ ಹಾಗಿಲ್ಲ. ಕೋಚ್ ಆಗುವವರ ಹಿನ್ನೆಲೆ ತಪಾಸಣೆ ಆಗಬೇಕು, ಮೈದಾನದ ಸಮಯ ಹಂಚಿಕೊಳ್ಳಬೇಕು. ಹಾಗಾಗಿ ಏಪ್ರಿಲ್‌ನ ಆಟಕ್ಕೆ ಹೆಸರು ಬರೆಸುವುದು ಹಿಮ ಬೀಳುವ ಕಾಲದಲ್ಲಿ, ಹೆಚ್ಚಿನ ಕಡೆ ಡಿಸೆಂಬರ್‌ನಿಂದ ಫೆಬ್ರವರಿಯೊಳಗೆ. ಮೈದಾನದಲ್ಲಿ ಮಕ್ಕಳು ಕಂಡಾಗ ಹುಡುಕಲು ಹೊರಟರೆ ತಡವಾಗಿರುತ್ತದೆ.

ಇಷ್ಟಕ್ಕೇ ನಿಂತಿದ್ದರೆ ನಷ್ಟ ಇರಲಿಲ್ಲ. ಪಾರ್ಕಿನಲ್ಲಿ ಅವನ ಜೊತೆ ಸುಮ್ನೆ ಕ್ಯಾಚ್ ಆಡಿಕೊಂಡು ಮುಂದಿನ ವರ್ಷಕ್ಕೆ ಕಾಯಬಹುದಿತ್ತು. ಆದರೆ ನನಗೂ ನಿಮ್ಮ ಹಾಗೆ "ಹಿಂದೆ ಬೀಳುತ್ತಾನೆ" ಅನ್ನುವ ಭಯ. ಒಂದು ಖಾಸಗಿ ಅಕಾಡೆಮಿಯವರು ಜಾಗ ಇದೆ ಅಂದರು. ಇಡೀ ಸೀಸನ್ನಿನ ಫೀಸ್ ಒಂದೇ ಸಲ ಕಟ್ಟಿದೆ. ಬ್ಯಾಚಿನಲ್ಲಿ ಉಳಿದವರೆಲ್ಲ ಏಳು, ಎಂಟು ವರ್ಷದ ಮಕ್ಕಳು. "ದೊಡ್ಡವರ ಜೊತೆ ಆಡಿದರೆ ಬೇಗ ಕಲಿಯುತ್ತಾನೆ" ಅಂದರು, ನಾನು ನಂಬಿದೆ. ಚೆಂಡು ಯಾವುದು ಅಂತ ಕೇಳಲೇ ಇಲ್ಲ.

ಅಲ್ಲಿದ್ದದ್ದು ದೊಡ್ಡವರು ಆಡುವ ನಿಜವಾದ ಗಟ್ಟಿ ಬೇಸ್‌ಬಾಲ್ ಚೆಂಡು. 5 ರಿಂದ 5¼ ಔನ್ಸ್, ಅಂದರೆ ಸುಮಾರು 142 ರಿಂದ 149 ಗ್ರಾಂ. ನಮ್ಮ ಲೆದರ್ ಬಾಲ್ 156 ರಿಂದ 163 ಗ್ರಾಂ, ಇದು ಅದಕ್ಕಿಂತ ಸ್ವಲ್ಪ ಹಗುರ ಅಷ್ಟೇ. ಊರಿನಲ್ಲಾದರೆ ಐದು ವರ್ಷದ ಹುಡುಗನ ಎದುರು ಲೆದರ್ ಬಾಲ್ ಹಾಕಲು ಬಿಡುತ್ತಿದ್ದೆನಾ? ಬೀದಿಯಲ್ಲಿ ಟೆನಿಸ್ ಬಾಲ್ ಕೊಟ್ಟು ಕಳಿಸುತ್ತಿದ್ದೆ. ಇಲ್ಲಿ ಹೆಸರು ಬೇರೆ ಇದ್ದದ್ದಕ್ಕೆ ಆ ಬುದ್ಧಿ ಓಡಲಿಲ್ಲ. ದೊಡ್ಡ ಹುಡುಗನೊಬ್ಬ ಎಸೆದ ಚೆಂಡು ಇವನ ಪಕ್ಕೆಗೆ ಬಿತ್ತು. ಮೂಳೆಗೆ ಏನೂ ಆಗಲಿಲ್ಲ. ಆದರೆ ಆಮೇಲೆ ಚೆಂಡು ಬಂದರೆ ಮುಖ ತಿರುಗಿಸಿ ಕಣ್ಣು ಮುಚ್ಚುತ್ತಿದ್ದ. ಅಭ್ಯಾಸದ ದಿನ ಬೆಳಗಿನಿಂದಲೇ ಹೊಟ್ಟೆನೋವು ಅನ್ನುತ್ತಿದ್ದ. ಕಟ್ಟಿದ ದುಡ್ಡು ವಾಪಸ್ ಬರಲಿಲ್ಲ. ಆ ಕಣ್ಣು ಮುಚ್ಚುವ ಅಭ್ಯಾಸ ಬಿಡಿಸಲು ಹಿಡಿದ ಕಾಲ ನೆನೆದರೆ ದುಡ್ಡು ಏನೂ ಅಲ್ಲ.

ಮುಂದಿನ ಚಳಿಗಾಲದಲ್ಲಿ ಊರಿನ ಲೀಗಿನ ಟೀ ಬಾಲ್‌ಗೆ ಹೆಸರು ಬರೆಸಿದೆವು. ನಿಮ್ಮ ಮಗಳಿಗೂ ಬೇಕಾದದ್ದು ಇದೇ. ಇಲ್ಲಿ ಚೆಂಡು ಎಸೆಯುವವರು ಇರುವುದಿಲ್ಲ. ಸೊಂಟದೆತ್ತರದ ರಬ್ಬರ್ ಕಂಬದ ಮೇಲೆ ಮೆತ್ತಗಿನ ಚೆಂಡು ಇಡುತ್ತಾರೆ, ಮಗು ಹೊಡೆದು ಓಡುತ್ತದೆ. ನಮ್ಮಲ್ಲಿ ಸ್ಕೋರ್ ಬರೆಯುತ್ತಿರಲಿಲ್ಲ, ಪ್ರತಿ ಮಗುವಿಗೂ ಬ್ಯಾಟಿಂಗ್ ಸಿಗುತ್ತಿತ್ತು. ಚೆಂಡು ಉರುಳಿದರೆ ಎಲ್ಲ ಮಕ್ಕಳೂ ಅದರ ಹಿಂದೆ ಓಡುತ್ತಿದ್ದರು, ಯಾರೂ ತಡೆಯುತ್ತಿರಲಿಲ್ಲ. ನನ್ನ ಮಗನಿಗೆ ಕೋಚ್ ತಿದ್ದಿದ್ದು ಒಂದೇ ವಿಷಯ: ಓಡುವಾಗ ಬ್ಯಾಟ್ ಕೆಳಗಿಡು. ಕ್ರಿಕೆಟ್ ನೋಡಿ ಬೆಳೆದವನಲ್ವಾ, ಬ್ಯಾಟ್ ಹಿಡಿದೇ ಓಡುತ್ತಿದ್ದ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಐದನೇ ವಯಸ್ಸಿನಲ್ಲಿ ಯಾರೂ ಮುಂದೆ ಹೋಗಿರುವುದಿಲ್ಲ, ಹಿಂದೆ ಬೀಳುವುದು ಎಲ್ಲಿಂದ ಬಂತು? "ಅತ್ಯುತ್ತಮ ಲೀಗ್" ಹುಡುಕಲು ಹೋಗಬೇಡಿ. ನಿಮ್ಮ ಮನೆ ಅಥವಾ ಮಗಳ ಶಾಲೆ ಯಾವ ಲೀಗಿನ ಗಡಿಯಲ್ಲಿದೆಯೋ ಅಲ್ಲಿಗೇ ಸೇರಿಸಿ. ಬಹಳ ಊರುಗಳ ಲೀಗ್ ಸೇರಿರುವುದು ಲಿಟ್ಲ್ ಲೀಗ್ ಅನ್ನುವ ಮಕ್ಕಳ ಬೇಸ್‌ಬಾಲ್ ಸಂಸ್ಥೆಗೆ, ಅದು ಪೆನ್ಸಿಲ್ವೇನಿಯಾದ ವಿಲಿಯಮ್ಸ್‌ಪೋರ್ಟ್‌ನಲ್ಲಿ 1939ರಲ್ಲಿ ಶುರುವಾದದ್ದು. ಅವರ ವೆಬ್‌ಸೈಟಿನಲ್ಲಿ ನಿಮ್ಮ ವಿಳಾಸ ಹಾಕಿದರೆ ಯಾವ ಲೀಗ್ ಅಂತ ತೋರಿಸುತ್ತದೆ. ಅವರ ಟೀ ಬಾಲ್ 4 ರಿಂದ 7 ವರ್ಷದವರಿಗೆ. ಕೆಲವು ಊರುಗಳ ಲೀಗ್ ಕ್ಯಾಲ್ ರಿಪ್ಕನ್ ಅಥವಾ ಪೋನಿ ಅನ್ನುವ ಬೇರೆ ಸಂಸ್ಥೆಗೆ ಸೇರಿರುತ್ತದೆ, ಕೆಲವು ಕಡೆ ಊರಿನ ರಿಕ್ರಿಯೇಷನ್ ವಿಭಾಗವೇ ನಡೆಸುತ್ತದೆ. ಈ ವಯಸ್ಸಿಗೆ ಯಾವುದಾದರೂ ಸರಿ. ಟ್ರಾವೆಲ್ ಟೀಮ್, ಅಂದರೆ ಮಕ್ಕಳನ್ನು ಆರಿಸಿ ಬೇರೆ ಊರುಗಳಿಗೆ ಕರೆದೊಯ್ದು ಆಡಿಸುವ ತಂಡ, ಅಂತ ಯಾರಾದರೂ ಬಂದರೆ ನಮಸ್ಕಾರ ಹೇಳಿ ಕಳಿಸಿ.

ವಯಸ್ಸಿನ ಲೆಕ್ಕ ಮಾತ್ರ ನೋಡಿಕೊಳ್ಳಿ. ಲಿಟ್ಲ್ ಲೀಗ್ ಬೇಸ್‌ಬಾಲಿನಲ್ಲಿ ಆ ವರ್ಷದ ಆಗಸ್ಟ್ 31ಕ್ಕೆ ಎಷ್ಟಾಗುತ್ತದೋ ಅದೇ ವಯಸ್ಸು. ಜುಲೈನಲ್ಲಿ ಆರು ತುಂಬುವ ಮಗು ಏಪ್ರಿಲ್‌ನಲ್ಲೂ ಅವರಿಗೆ ಆರು ವರ್ಷದ್ದೇ. ದೊಡ್ಡ ಮಕ್ಕಳ ಗುಂಪಿಗೆ ಹಾಕುತ್ತೇವೆ ಅಂದರೆ ಈ ವರ್ಷ ಟೀ ಬಾಲೇ ಇರಲಿ ಅಂತ ಕೇಳಿ.

ಮಗಳು ಅನ್ನುವ ಕಾರಣಕ್ಕೆ ಯಾರಾದರೂ ಸಾಫ್ಟ್‌ಬಾಲ್‌ಗೆ (ಬೇಸ್‌ಬಾಲಿನಂಥದ್ದೇ, ಸ್ವಲ್ಪ ದೊಡ್ಡ ಚೆಂಡಿನ ಆಟ, ಇಲ್ಲಿ ಹೆಚ್ಚಾಗಿ ಹುಡುಗಿಯರು ಆಡುವುದು) ಹಾಕಿ ಅಂದರೂ ಗಡಿಬಿಡಿ ಬೇಡ, ಬೇಸ್‌ಬಾಲ್ ಹುಡುಗಿಯರಿಗೂ ಇದೆ. 1972ರಲ್ಲಿ ನಿಮ್ಮದೇ ರಾಜ್ಯದ ಹೊಬೋಕನ್‌ನಲ್ಲಿ ಮಾರಿಯಾ ಪೆಪೆ ಅನ್ನುವ ಹುಡುಗಿ ಹುಡುಗರ ತಂಡದಲ್ಲಿ ಆಡಿ, ಲಿಟ್ಲ್ ಲೀಗ್ ಆಗ ಹುಡುಗಿಯರನ್ನು ಸೇರಿಸದಿದ್ದದ್ದಕ್ಕೆ ಆಮೇಲೆ ಹೊರಗೆ ಕೂರಬೇಕಾಯಿತು. ಅದರ ಮೇಲಿನ ಕಾನೂನು ಪ್ರಕರಣ ನ್ಯೂಜೆರ್ಸಿಯಲ್ಲೇ ನಡೆಯಿತು. 1974ರಲ್ಲಿ ಲಿಟ್ಲ್ ಲೀಗ್ ಹುಡುಗಿಯರಿಗೂ ಬಾಗಿಲು ತೆರೆಯಿತು. ಅಷ್ಟು ಹೊತ್ತಿಗೆ ಆ ಹುಡುಗಿಯ ವಯಸ್ಸು ಮೀರಿತ್ತು. ನಿಮ್ಮ ಮಗಳಿಗೆ ಯಾವುದು ಇಷ್ಟವೋ ಅದನ್ನು ಆಡಲಿ.

ಸಾಮಾನಿಗೆ ಜಾಸ್ತಿ ಖರ್ಚು ಮಾಡಬೇಡಿ. ಒಂಬತ್ತು, ಹತ್ತು ಇಂಚಿನ ಮೆತ್ತಗಿನ ಗ್ಲೌಸ್ ಒಂದು ಸಾಕು. ಬಲಗೈಯಲ್ಲಿ ಎಸೆಯುವವಳಾದರೆ ಗ್ಲೌಸ್ ಎಡಗೈಗೆ, ಅಂಗಡಿಯಲ್ಲಿ ನೋಡಿ ತೆಗೆದುಕೊಳ್ಳಿ. ನಮ್ಮ ತಂಡದಲ್ಲಿ ಹೆಲ್ಮೆಟ್, ಬ್ಯಾಟ್ ಅವರೇ ಕೊಟ್ಟರು. ಬ್ಯಾಟ್ ಕೊಳ್ಳಲೇಬೇಕಾದರೆ ಅದರ ಮೇಲೆ ಯುಎಸ್ಎ ಬೇಸ್‌ಬಾಲ್ ಮುದ್ರೆ ಇರಲಿ, 2018ರಿಂದ ಲಿಟ್ಲ್ ಲೀಗಿನಲ್ಲಿ ಆ ಮಾನದಂಡದ ಬ್ಯಾಟೇ ಬೇಕು.

ಫಾರ್ಮಿನಲ್ಲಿ "ಸ್ವಯಂಸೇವಕರಾಗಿ ಬರುತ್ತೀರಾ" ಅಂತ ಕೇಳಿದರೆ ಹೌದು ಅಂತ ಟಿಕ್ ಮಾಡಿ. ಆಟ ಗೊತ್ತಿರಬೇಕಿಲ್ಲ. ಶೂ ಲೇಸ್ ಕಟ್ಟಲು, ಮಕ್ಕಳನ್ನು ಸಾಲಿನಲ್ಲಿ ನಿಲ್ಲಿಸಲು ಕೈ ಬೇಕು. ನಾನು ಆಟ ಕಲಿತದ್ದೇ ಹಾಗೆ, ಮಗನಿಗೂ ನಾನು ಪಕ್ಕದಲ್ಲಿದ್ದದ್ದು ಧೈರ್ಯ ಕೊಟ್ಟಿತು.

ನೀವು ಇದನ್ನು ಓದುವಾಗ ಬೇಸಿಗೆಯಾಗಿದ್ದರೆ ಫಾಲ್ ಬಾಲ್ ಇದೆಯಾ ಅಂತ ಲೀಗಿನವರನ್ನು ಕೇಳಿ. ಕೆಲವು ಊರುಗಳಲ್ಲಿ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಚಿಕ್ಕ ಸೀಸನ್ ನಡೆಯುತ್ತದೆ. ಇಲ್ಲವಾದರೆ ಅವರ ಇಮೇಲ್ ಪಟ್ಟಿಗೆ ಈಗಲೇ ಸೇರಿಕೊಳ್ಳಿ. ಮಗಳ ಜನನ ಪ್ರಮಾಣಪತ್ರ ಮತ್ತು ವಿಳಾಸದ ಪುರಾವೆ ಕೇಳುತ್ತಾರೆ, ಹೊಸದಾಗಿ ಬಂದಿರುವುದರಿಂದ ಮನೆಯ ಬಾಡಿಗೆ ಕರಾರಿನ ಪ್ರತಿ ತೆಗೆದಿಟ್ಟುಕೊಳ್ಳಿ.