ತಂಗಿಯ ಮದುವೆಗೆ 4 ಲಕ್ಷ ಸಾಕಾಗುತ್ತದೆಯೇ? ಎಲೆಯ ಲೆಕ್ಕದಿಂದ ಶುರು ಮಾಡಿ

ನಿಮ್ಮ ಪ್ರಶ್ನೆ ಇಷ್ಟು: ಹಾಸನದ ಕಡೆಯ ಊರು, ತಂಗಿಯ ಮದುವೆ, ಸಸ್ಯಾಹಾರಿ ಊಟ, 400 ಜನ. ಚಿನ್ನ ಬಿಟ್ಟು ಕೈಯಲ್ಲಿರುವುದು 4 ಲಕ್ಷ. ಸಾಲ ಮಾಡಬಾರದು, ಬಂದವರು ಮಾತ್ರ ಸಂತೋಷವಾಗಿ ಉಂಡು ಹೋಗಬೇಕು. ಆಗುತ್ತದೆ. ಆದರೆ ಹೂವಿನಲ್ಲಿ ಐದು ಸಾವಿರ, ಪತ್ರಿಕೆಯಲ್ಲಿ ಎರಡು ಸಾವಿರ ಅಂತ ಅಲ್ಲಿಷ್ಟು ಇಲ್ಲಿಷ್ಟು ಕಡಿಮೆ ಮಾಡಿದರೆ ಆಗುವುದಿಲ್ಲ. ಎಷ್ಟು ಹೊತ್ತು, ಎಷ್ಟು ಜನರಿಗೆ ಎಲೆ ಹಾಕುತ್ತೀರಿ ಅನ್ನುವುದೇ ಮದುವೆಯ ಖರ್ಚು. ಉಳಿದದ್ದೆಲ್ಲ ಅದರ ಹಿಂದೆ ಬರುತ್ತದೆ.

ನಿಮ್ಮ ಕಡೆ ಹಿಂದಿನ ಸಂಜೆ ಆರತಕ್ಷತೆ, ಮರುದಿನ ಬೆಳಿಗ್ಗೆ ಮುಹೂರ್ತ ಮಾಡುವುದು ರೂಢಿ. ಅಂದರೆ ಎರಡು ದೊಡ್ಡ ಊಟ. ಎಲೆಗೆ 280 ರೂಪಾಯಿಯಂತೆ ಹಿಡಿದು, ಸಂಜೆಗೆ 350 ಜನ ಬಂದರೂ 98,000 ರೂಪಾಯಿ. ಜೊತೆಗೆ ವೇದಿಕೆಗೆ ಬೇರೆ ಅಲಂಕಾರ, ಬೇರೆ ಸೀರೆ, ಬೇರೆ ಸೂಟು. ನಿಮ್ಮ ಹಣದ ಕಾಲು ಭಾಗಕ್ಕಿಂತ ಹೆಚ್ಚು ಅಲ್ಲೇ ಕರಗುತ್ತದೆ. ಹಾಗಾಗಿ ಧಾರೆ ಮುಗಿದ ಮೇಲೆ ಅದೇ ಮಂಟಪದಲ್ಲಿ, ಅದೇ ಹೂವಿನ ನಡುವೆ ಹೆಣ್ಣು ಗಂಡನ್ನು ಕೂರಿಸಿ ಮಧ್ಯಾಹ್ನವೇ ಆರತಕ್ಷತೆ ಮಾಡಿ. ಧಾರೆ ಸೀರೆಯಲ್ಲಿರುವ ಮದುಮಗಳಿಗಿಂತ ಚಂದದ ನೋಟ ಬೇರೆ ಬೇಕಿಲ್ಲ.

ಇದು ನಡೆಯಬೇಕಾದರೆ ಮುಹೂರ್ತದ ಹೊತ್ತು ಮುಖ್ಯ. ಬೆಳಗಿನ ಜಾವದ ಲಗ್ನ ಇಟ್ಟರೆ ನೆಂಟರೆಲ್ಲ ಹಿಂದಿನ ರಾತ್ರಿಯೇ ಬರಬೇಕು. ರಾತ್ರಿ ಊಟ, ಹಾಸಿಗೆ, ರೂಮು, ಬೆಳಗಿನ ತಿಂಡಿ ಎಲ್ಲ ಇಮ್ಮಡಿಯಾಗುತ್ತದೆ. ಪುರೋಹಿತರ ಹತ್ತಿರ ಮೊದಲೇ ಹೇಳಿ: 10.30ರ ನಂತರದ ಲಗ್ನವೋ ನಡುಹಗಲಿನ ಅಭಿಜಿನ್ ಲಗ್ನವೋ ಕೂಡಿ ಬರುವ ದಿನ ನೋಡಿ ಅಂತ. ಎಪ್ಪತ್ತು ಕಿಲೋಮೀಟರ್ ದೂರದವರೂ ಬೆಳಗಿನ ಬಸ್ಸಿಗೆ ಬಂದು, ಮೂರು ಗಂಟೆಗೆ ಹಿಂತಿರುಗಬಹುದು. ವಾರದ ನಡುವಿನ ದಿನವಾದರೆ ಛತ್ರದವರೂ ಬಾಡಿಗೆಯಲ್ಲಿ ಸ್ವಲ್ಪ ಇಳಿಯುತ್ತಾರೆ. ವೈಶಾಖದ ಭಾನುವಾರ ಯಾರೂ ಇಳಿಯುವುದಿಲ್ಲ.

ಛತ್ರ ನೋಡಲು ಹೋದಾಗ ಎಲ್ಲರೂ ನೋಡುವುದು ಮೇಲಿನ ಹಾಲ್, ವೇದಿಕೆ, ದೀಪ. ನೀವು ಮೊದಲು ಊಟದ ಹಾಲ್‌ಗೆ ಹೋಗಿ ಕುರ್ಚಿ ಎಣಿಸಿ. ಒಂದು ಪಂಕ್ತಿ ಕೂತು ಎದ್ದು, ಎಲೆ ತೆಗೆದು, ಮೇಜು ಒರೆಸಿ ಮುಂದಿನದು ಕೂರಲು 40 ನಿಮಿಷ ಬೇಕು. 130 ಕುರ್ಚಿ ಇದ್ದರೆ 400 ಜನ ಮೂರು ಪಂಕ್ತಿ ಮತ್ತು ಸ್ವಲ್ಪದರಲ್ಲಿ, ಎರಡು ಗಂಟೆ ಚಿಲ್ಲರೆಯಲ್ಲಿ ಮುಗಿಯುತ್ತಾರೆ. 80 ಕುರ್ಚಿಯಾದರೆ ಐದು ಪಂಕ್ತಿ, ಮೂರು ಗಂಟೆ ದಾಟುತ್ತದೆ. ಆಗ ಉಣ್ಣುವವರ ಬೆನ್ನ ಹಿಂದೆ ಜನ ನಿಲ್ಲುತ್ತಾರೆ, ವಯಸ್ಸಾದವರು ಉಣ್ಣದೆ ಹೊರಟುಬಿಡುತ್ತಾರೆ. ಮದುವೆ ಚೆನ್ನಾಗಿರಲಿಲ್ಲ ಅನ್ನುವ ಮಾತು ಹುಟ್ಟುವುದು ಬಹುಮಟ್ಟಿಗೆ ಅಲ್ಲೇ.

ಬಾಡಿಗೆ ಮಾತಾಡುವಾಗ ಒಟ್ಟು ಎಷ್ಟು ಅಂತ ಕೇಳಬೇಡಿ. ಒಂದೊಂದಾಗಿ ಕೇಳಿ ಬರೆಸಿಕೊಳ್ಳಿ. ಕರೆಂಟು ಯೂನಿಟ್ ಲೆಕ್ಕವೇ? ಜನರೇಟರ್ ಡೀಸೆಲ್ ಯಾರದು? ಸ್ವಚ್ಛತೆಗೆ ಬೇರೆಯೇ? ಪಾತ್ರೆ, ಒಲೆ ಒಳಗೇ ಇವೆಯೇ? ಜಿಎಸ್‌ಟಿ ಸೇರಿದೆಯೇ? ಎಷ್ಟು ಗಂಟೆಗೆ ಬೀಗ ಕೊಡುತ್ತಾರೆ, ಎಷ್ಟಕ್ಕೆ ಖಾಲಿ ಮಾಡಬೇಕು? ಅಡುಗೆಯವರು, ಹೂವಿನವರು ತಮ್ಮವರೇ ಆಗಬೇಕು ಅನ್ನುವ ಛತ್ರ ಬಾಡಿಗೆ ಎಷ್ಟೇ ಕಡಿಮೆ ಹೇಳಿದರೂ ಬೇಡ, ಬಿಟ್ಟದ್ದನ್ನು ಅಲ್ಲಿ ವಸೂಲು ಮಾಡುತ್ತಾರೆ. ದೇವಸ್ಥಾನದ ಕಲ್ಯಾಣ ಮಂಟಪ, ಸಮುದಾಯ ಭವನಗಳನ್ನು ಮೊದಲು ವಿಚಾರಿಸಿ.

ಇನ್ನು ಎಲೆ. 400 ಜನ ಅನ್ನುವುದು ಅಂದಾಜಾಗಿರಬಾರದು, ಪಟ್ಟಿಯಾಗಿರಬೇಕು. ಒಂದು ನೋಟ್‌ಬುಕ್ಕಿನಲ್ಲಿ ಮನೆ ಮನೆಯಾಗಿ ಬರೆಯಿರಿ: ಎಷ್ಟು ಜನ ಬರುತ್ತಾರೆ, ಹಿಂದಿನ ರಾತ್ರಿ ಯಾರು ಉಳಿಯುತ್ತಾರೆ. ಮಾತುಕತೆಯ ದಿನವೇ ಬೀಗರ ಕಡೆಯವರ ಸಂಖ್ಯೆಯನ್ನೂ ಕೇಳಿ ಬರೆದುಕೊಳ್ಳಿ. ಸಂಕೋಚ ಪಡಬೇಡಿ. "ನಮ್ಮ ಕಡೆ 150" ಅಂದವರು 250 ಜನ ಬಂದಾಗ ಅಡುಗೆ ಮನೆಯಲ್ಲಿ ಬೇಳೆಗೆ ನೀರು ಸುರಿಯುವುದು ಬಿಟ್ಟು ಬೇರೆ ದಾರಿ ಇರುವುದಿಲ್ಲ. ಛತ್ರದ ಬಾಡಿಗೆಯನ್ನೋ ಊಟವನ್ನೋ ಎರಡೂ ಮನೆಯವರು ಹಂಚಿಕೊಳ್ಳುವ ಮಾತೂ ಅಂದೇ ಆಗಲಿ.

ಅಡುಗೆ ಗೊತ್ತು ಮಾಡಲು ಎರಡು ದಾರಿ. ಎಲೆ ಲೆಕ್ಕದಲ್ಲಿ ಸಾಮಾನು, ಕೆಲಸ, ಬಡಿಸುವುದು ಎಲ್ಲ ಅವರದೇ. ಕೂಲಿ ಲೆಕ್ಕದಲ್ಲಿ ಅಡುಗೆ ಭಟ್ಟರು ಪಟ್ಟಿ ಕೊಡುತ್ತಾರೆ, ದಿನಸಿ ನೀವು ತರುತ್ತೀರಿ. ಎರಡನೆಯದು ಅಗ್ಗ, ಆದರೆ ಉಗ್ರಾಣ ನೋಡಿಕೊಳ್ಳುವ ಗಟ್ಟಿ ಮನುಷ್ಯರೊಬ್ಬರು ಮನೆಯಲ್ಲಿದ್ದರೆ ಮಾತ್ರ. ಬೀಗದ ಕೈ ಅವರ ಸೊಂಟ ಬಿಟ್ಟು ಕದಲಬಾರದು. ಭಟ್ಟರು ಕಡಿಮೆ ಬಿದ್ದೀತೆಂದು ಪಟ್ಟಿಯನ್ನು ಧಾರಾಳವಾಗಿಯೇ ಬರೆಯುತ್ತಾರೆ, ಅದನ್ನು ಹೋಲಿಸಿ ನೋಡಲು ಒಂದು ಅಳತೆ ಇಟ್ಟುಕೊಳ್ಳಿ. ಮಧ್ಯಾಹ್ನದ ಊಟಕ್ಕೆ 100 ಎಲೆಗೆ ಸೋನಾ ಮಸೂರಿ 10 ಕಿಲೋ (ಚಿತ್ರಾನ್ನವೂ ಸೇರಿ), ಸಾರು ಹುಳಿ ಎರಡಕ್ಕೂ ತೊಗರಿಬೇಳೆ 3.5 ಕಿಲೋ, ಕೋಸಂಬರಿಗೆ ಹೆಸರುಬೇಳೆ 1 ಕಿಲೋ, ತರಕಾರಿ ಎಲ್ಲ ಸೇರಿ 20 ಕಿಲೋ, ಎಣ್ಣೆ 5 ಕಿಲೋ, ತುಪ್ಪ 1 ಕಿಲೋ, ಕಾಯಿ 20, ಪಾಯಸಕ್ಕೆ ಹಾಲು 8 ಲೀಟರ್, ಮೊಸರು 6 ಲೀಟರ್, ಬಾಳೆಲೆ 115. ಹೋಳಿಗೆ ಮಾಡಿಸಿದರೆ ಕಡಲೆಬೇಳೆ, ಬೆಲ್ಲ ತಲಾ 2.5 ಕಿಲೋ ಬೇರೆ. ಒಡೆಯದ ಮೂಟೆ, ಡಬ್ಬಗಳನ್ನು ವಾಪಸು ತೆಗೆದುಕೊಳ್ಳುತ್ತೇನೆ ಎನ್ನುವ ಸಗಟು ಅಂಗಡಿಯಲ್ಲೇ ದಿನಸಿ ಹಾಕಿಸಿ. ವೈಶಾಖದ ಸೆಕೆಗೆ ಮೊಸರು ಬೇಗ ಹುಳಿಯಾಗುತ್ತದೆ, ಬೆಳಿಗ್ಗೆ ತರಿಸಿ. ಸೊಪ್ಪಿನ ಪಲ್ಯ ಬೇಡವೇ ಬೇಡ.

ಎಲೆ ಲೆಕ್ಕವಾದರೆ ಜಗಳ ಬರುವುದು ಕೊನೆಯ ಎಣಿಕೆಯಲ್ಲಿ. ಹರಿದ ಎಲೆಯೂ ಲೆಕ್ಕಕ್ಕೆ ಬರುತ್ತದೆ, ಮಕ್ಕಳಿಗೆ ಹಾಕಿದ್ದೂ ಬರುತ್ತದೆ. ಆದ್ದರಿಂದ ಎಲೆ ಎಣಿಸಬೇಡಿ, ತಲೆ ಎಣಿಸಿ. ಪ್ರತಿ ಪಂಕ್ತಿ ಕೂತ ಮೇಲೆ ನಿಮ್ಮ ಕಡೆಯ ಒಬ್ಬರು, ಭಟ್ಟರ ಕಡೆಯ ಒಬ್ಬರು ಒಟ್ಟಿಗೆ ಎಣಿಸಿ ಒಂದೇ ಚೀಟಿಯಲ್ಲಿ ಬರೆಯಲಿ. 400 ನಿರೀಕ್ಷೆ ಇದ್ದರೆ 360ಕ್ಕೆ ಖಾತ್ರಿ ಕೊಟ್ಟು, ಮೇಲೆ 40ಕ್ಕೆ ತಯಾರಿರಲಿ, ಉಂಡಷ್ಟಕ್ಕೆ ಹಣ ಅಂತ ಮಾತಾಡಿ. ಓಲಗದವರು, ಡ್ರೈವರುಗಳು, ಫೋಟೋದವರ ಊಟ ಲೆಕ್ಕಕ್ಕೆ ಸೇರುತ್ತದೆಯೋ ಇಲ್ಲವೋ ಎಂಬುದೂ ಮೊದಲೇ ತೀರ್ಮಾನವಾಗಲಿ.

ಐಟಂ ಹೆಚ್ಚಿಸುವ ಆಸೆ ಬಿಡಿ. ಒಂದು ಕೋಸಂಬರಿ, ಎರಡು ಪಲ್ಯ, ಒಂದು ಗೊಜ್ಜು, ಚಿತ್ರಾನ್ನ, ತುಪ್ಪ ಹಾಕಿದ ಬಿಸಿ ಹೋಳಿಗೆ, ಪಾಯಸ, ಅನ್ನ, ಸಾರು, ಹುಳಿ, ಹಪ್ಪಳ, ಮಜ್ಜಿಗೆ. ಇದು ತುಂಬು ಎಲೆ. ಮೂರನೆಯ ಸಿಹಿ, ಗೋಬಿ, ಐಸ್‌ಕ್ರೀಮು ಸೇರಿಸಿದಷ್ಟೂ ಎಲೆಯಲ್ಲಿ ಉಳಿಯುವುದು ಅನ್ನ ಸಾರು. ಅದರ ಬದಲು ಬಡಿಸುವವರನ್ನು ಹೆಚ್ಚಿಸಿ: 100 ಎಲೆಗೆ ಎಂಟು ಜನ ಬೇಕು. ನಾಲ್ವರೇ ಇದ್ದರೆ ಹುಳಿ ಬರುವಷ್ಟರಲ್ಲಿ ಅನ್ನ ಆರಿರುತ್ತದೆ. ನಿಮ್ಮ ಮನೆಯವರು ಒಬ್ಬರು ಪಂಕ್ತಿಯಲ್ಲಿ ನಡೆದು, "ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳಿ" ಅಂತ ಬಾಯಿ ತುಂಬ ಉಪಚಾರ ಮಾಡಲಿ. ಅದಕ್ಕೆ ಬೆಲೆಯಿಲ್ಲ, ಜನ ನೆನಪಿಡುವುದು ಅದನ್ನೇ.

ಮಂಟಪಕ್ಕೆ ಬಟ್ಟೆಯ ಪರದೆ, ಪ್ಲಾಸ್ಟಿಕ್ ಹೂವು ಬೇಡ. ಗೊನೆ ಬಿಟ್ಟ ನಾಲ್ಕು ಬಾಳೆಕಂದು, ಮಾವಿನ ತೋರಣ, ತೆಂಗಿನ ಗರಿ, ಅಡಿಕೆ ಹೊಂಬಾಳೆ ನಿಮ್ಮ ಕಡೆಯ ತೋಟಗಳಲ್ಲೇ ಸಿಗುತ್ತವೆ. ಅವುಗಳ ನಡುವೆ ಹಳದಿ, ಕೇಸರಿ ಚೆಂಡು ಹೂವಿನ ಇಳಿಮಾಲೆ. ಒಂದು ಕಿಲೋ ಚೆಂಡು ಹೂವನ್ನು ಒತ್ತಾಗಿ ಪೋಣಿಸಿದರೆ ಸುಮಾರು ಎರಡು ಮಾರು ಬರುತ್ತದೆ. 20 ಕಿಲೋ ತಂದರೆ ಮಂಟಪ, ಬಾಗಿಲು ಎರಡೂ ತುಂಬುತ್ತವೆ. ಹಿಂದಿನ ಸಂಜೆ ಹತ್ತು ಜನ ದಬ್ಬಣ, ಟ್ವೈನ್ ದಾರ ಹಿಡಿದು ಕೂತರೆ ಮೂರು ಗಂಟೆಯ ಕೆಲಸ. ಹಸಿ ಹೂವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ರಾತ್ರಿಯೊಳಗೆ ಬೆಂದುಹೋಗುತ್ತದೆ, ಒದ್ದೆ ಗೋಣಿಯ ಮೇಲೆ ಹರಡಿ. ಮುಡಿಯಲು ಮಲ್ಲಿಗೆಯನ್ನು ಮೊಗ್ಗಾಗಿರುವಾಗಲೇ ತನ್ನಿ. ಕನಕಾಂಬರ ಮುಹೂರ್ತದ ದಿನಗಳಲ್ಲಿ ಮುಟ್ಟಲಾಗದ ಬೆಲೆ, ಮದುಮಗಳ ಜಡೆಗಷ್ಟೇ ಸಾಕು. ಹಾರ ಮಾತ್ರ ಎರಡಲ್ಲ, ಮೂರು ಹೇಳಿ. ಬದಲಾಯಿಸುವ ಹೊತ್ತಿಗೆ ಒಂದು ಕಿತ್ತುಬಂದರೆ ಆಗ ತರಲು ಆಗುವುದಿಲ್ಲ.

ಓಲಗ ಬಿಡಬೇಡಿ, ಡಿಜೆ ಬಿಡಿ. ಫೋಟೋಗೆ ಅರ್ಧ ದಿನದ ಒಬ್ಬರು ಸಾಕು; ಎಲ್ಲ ಚಿತ್ರ ಪೆನ್‌ಡ್ರೈವ್‌ನಲ್ಲಿ, ಒಂದೇ ಆಲ್ಬಂ, ಕೊಡುವ ತಾರೀಕು ಬರಹದಲ್ಲಿ. ಲಗ್ನಪತ್ರಿಕೆ ತಲೆಗಲ್ಲ, ಮನೆಗೆ: 400 ಜನರಿಗೆ 180 ಅಚ್ಚು ಹಾಕಿಸಿದರೆ ಸಾಕು. ತಾಂಬೂಲದ ಚೀಲವೂ ಮನೆಗೊಂದು.

ಕೂಡಿಸಿ ನೋಡಿ, ನಿಮ್ಮ ಊರಿನ ದರ ಹಾಕಿ ತಿದ್ದಿಕೊಳ್ಳಿ. ಮಧ್ಯಾಹ್ನ 400 ಎಲೆಗೆ 1,12,000. ಹಿಂದಿನ ರಾತ್ರಿ ಮನೆಯವರು, ಹತ್ತಿರದವರು 120 ಜನಕ್ಕೆ 180ರಂತೆ 21,600. ಬೆಳಗಿನ ತಿಂಡಿ 150 ಜನಕ್ಕೆ 90ರಂತೆ 13,500. ಛತ್ರ ಎಲ್ಲ ಸೇರಿ 60,000, ಬಟ್ಟೆ 50,000, ಫೋಟೋ 35,000, ಮಂಟಪ ಹೂವು 30,000, ಪತ್ರಿಕೆ ತಾಂಬೂಲ 25,000, ಪುರೋಹಿತರು ಓಲಗ 20,000, ಬಸ್ಸು 12,000. ಒಟ್ಟು 3,79,100. ಉಳಿದ 20,900ನ್ನು ಮದುವೆಯ ಬೆಳಗಿನವರೆಗೆ ಮುಟ್ಟಬೇಡಿ. ನೀರಿನ ಟ್ಯಾಂಕರ್, ಹೆಚ್ಚುವರಿ ಸಿಲಿಂಡರ್, ಆಟೋ, ಭಕ್ಷೀಸು ಎಲ್ಲ ಅದರಲ್ಲೇ ಆಗಬೇಕು.

ಇದೂ ಭಾರ ಎನಿಸಿದರೆ ದಾರಿಗಳಿವೆ, ಯಾವುದೂ ಗೌರವಕ್ಕೆ ಕಡಿಮೆಯದಲ್ಲ. ಕುವೆಂಪು ರೂಪಿಸಿದ ಮಂತ್ರಮಾಂಗಲ್ಯದಲ್ಲಿ ಹತ್ತಿರದವರ ಮುಂದೆ ಕನ್ನಡದಲ್ಲೇ ಪ್ರಮಾಣ ಓದಿ ಮದುವೆಯಾಗುತ್ತಾರೆ; ಅವರ ಮಗ ತೇಜಸ್ವಿಯವರ ಮದುವೆ 1966ರಲ್ಲಿ ಹಾಗೆಯೇ ನಡೆಯಿತು. ಧರ್ಮಸ್ಥಳದಲ್ಲಿ 1972ರಿಂದ ಸಾಮೂಹಿಕ ವಿವಾಹಗಳು ನಡೆಯುತ್ತಿವೆ.

ಮದುವೆಯ ದಿನ ಹಣದ ಚೀಲ ಅಪ್ಪ ಅಮ್ಮನ ಕೈಯಲ್ಲಿರಬಾರದು, ನಿಮ್ಮ ಕೈಯಲ್ಲೂ ಬೇಡ. ಶಾಸ್ತ್ರಕ್ಕೆ ಕೂರದ ಚಿಕ್ಕಪ್ಪನೋ ಸೋದರಮಾವನೋ ನೋಟ್‌ಬುಕ್ಕಿನ ಜೊತೆ ಇಟ್ಟುಕೊಳ್ಳಲಿ. ಛತ್ರದೊಳಗೆ ಕಾಲಿಟ್ಟ ಕೂಡಲೇ ಕರೆಂಟ್ ಮೀಟರಿನ ಫೋಟೋ ತೆಗೆಯಿರಿ, ಹೊರಡುವಾಗ ಇನ್ನೊಂದು. ಉಳಿದ ಅನ್ನ, ಸಾರು, ಹುಳಿಯನ್ನು ಯಾವ ಹಾಸ್ಟೆಲ್‌ಗೆ ಕೊಡುವುದು ಅಂತ ಹಿಂದಿನ ದಿನವೇ ಮಾತಾಡಿಟ್ಟು, ಕೊನೆಯ ಪಂಕ್ತಿ ಎದ್ದ ಕೂಡಲೇ ಬಿಸಿಯಿರುವಾಗಲೇ ಕಳಿಸಿ. ಕೋಸಂಬರಿ, ಕಾಯಿತುರಿ ಹಾಕಿದ ಪದಾರ್ಥ ಕಳಿಸಬೇಡಿ, ಸೆಕೆಗೆ ಬೇಗ ಹಳಸುತ್ತವೆ. ಒಂದು ಲಗ್ನಪತ್ರಿಕೆ ಮತ್ತು ಜೋಡಿ ಫೋಟೋ ಜೋಪಾನವಾಗಿ ಎತ್ತಿಡಿ, ಉಪನೋಂದಣಾಧಿಕಾರಿ ಕಚೇರಿಯಲ್ಲಿ ಮದುವೆ ನೋಂದಾಯಿಸುವಾಗ ಕೇಳುತ್ತಾರೆ.