ಯುರೋಪಿನವರು ಬೇರೆಯವರ ಬಲಿ ಪದ್ಧತಿಗಳ ಬಗ್ಗೆ ಅಷ್ಟೊಂದು ಬರೆದಿದ್ದು ಯಾಕೆ?

16–17ನೇ ಶತಮಾನದ ಯುರೋಪಿನ ಪಂಡಿತರು ಮೆಕ್ಸಿಕೋದವರ, ಯಹೂದಿಗಳ, ಹಳೇ ರೋಮನ್ನರ ಬಲಿ ಆಚರಣೆಗಳ ಮೇಲೆ ರಾಶಿಗಟ್ಟಲೆ ಬರೆದಿದ್ದಾರಲ್ಲ, ಅದೆಲ್ಲ ಬರೀ ಹೀಯಾಳಿಸೋಕಾ ಅಂತ ಕೇಳಿದ್ದೀರಿ.

ಹೀಯಾಳಿಕೆ ಧಾರಾಳವಾಗಿಯೇ ಇತ್ತು. ಆದರೆ ನಾನು ಓದಿಕೊಂಡ ಮಟ್ಟಿಗೆ ಅದರ ಬೇರು ಅವರದೇ ಮನೆಯ ಜಗಳದಲ್ಲಿದೆ. ರೊಟ್ಟಿ, ದ್ರಾಕ್ಷಾರಸವಿಟ್ಟು ನಡೆಸುವ ಚರ್ಚಿನ ಮಾಸ್ ಪೂಜೆ ಬಲಿಯೇ ಅಲ್ಲ, ಅಲ್ಲಿ ಪಾದ್ರಿ ದೇವರಿಗೆ ಕೊಡುವಂಥದ್ದೇನೂ ಇಲ್ಲ ಎಂದು 1520ರಲ್ಲಿ ಜರ್ಮನಿಯ ಧರ್ಮಸುಧಾರಕ ಲೂಥರ್ ಬರೆದುಬಿಟ್ಟ. ಅದು ನಿಜವಾದ ಬಲಿಯೇ, ಅಲ್ಲವೆಂದವರಿಗೆ ಬಹಿಷ್ಕಾರ ಎಂದು ಕ್ಯಾಥೊಲಿಕ್ ಚರ್ಚಿನ ಟ್ರೆಂಟ್ ಮಹಾಸಭೆ 1562ರಲ್ಲಿ ಉತ್ತರ ಕೊಟ್ಟಿತು. ಸರಿ, ಹಾಗಾದರೆ ಬಲಿ ಅಂದರೆ ಏನು? ಜೀವ ತೆಗೆಯಲೇಬೇಕಾ? ಸುಡಬೇಕಾ? ರೊಟ್ಟಿ, ದ್ರಾಕ್ಷಾರಸ ಇಟ್ಟರೆ ಸಾಕಾ? ವ್ಯಾಖ್ಯೆ ಹುಡುಕುತ್ತಾ ಹೊರಟವರು ಜೆರೂಸಲೇಮಿಗೂ ರೋಮಿಗೂ ಈಜಿಪ್ಟಿಗೂ ಹೋಗಲೇಬೇಕಾಯಿತು.

ಅವರ ಪೇಚಿಗೆ ಭಾಷೆಯದೂ ಪಾಲಿದೆ ಅಂತ ನನಗನಿಸುತ್ತೆ. ಲ್ಯಾಟಿನ್‌ನಲ್ಲಿ ‘ಸಾಕ್ರಿಫಿಕಿಯುಂ’ ಎಂಬ ಒಂದೇ ಪದ ಎಲ್ಲವನ್ನೂ ನುಂಗಿಕೊಳ್ಳುತ್ತೆ. ನಮ್ಮಲ್ಲಿ ಬಲಿ ಬೇರೆ, ಹೋಮ ಬೇರೆ, ನೈವೇದ್ಯ ಬೇರೆ. ಕನ್ನಡ ಬೈಬಲ್‌ನ ಯಾಜಕಕಾಂಡ ತೆರೆದು ನೋಡಿ: ಸರ್ವಾಂಗಹೋಮ, ಧಾನ್ಯನೈವೇದ್ಯ, ಸಮಾಧಾನಯಜ್ಞ. ಮೊದಲ ಸಲ ಓದಿದಾಗ ಯಾವುದೋ ಶ್ರೌತ ಪ್ರಯೋಗದ ಪುಸ್ತಕ ಕೈಗೆ ಬಂತೇನೋ ಅನ್ನಿಸಿತ್ತು.

ಕ್ರಿಸ್ತನ ಮರಣ ಪಾಪಕ್ಕೆ ತೆತ್ತ ಬೆಲೆಯಲ್ಲ ಎಂದು ಇಟಲಿಯ ಧರ್ಮಚಿಂತಕ ಸೊಕಿನಸ್ ವಾದಿಸಿದ್ದ. ಅದಕ್ಕೆ ಉತ್ತರವಾಗಿ ಡಚ್ ವಕೀಲ ಗ್ರೋಷಿಯಸ್ 1617ರಲ್ಲಿ ಗ್ರೀಕ್, ರೋಮನ್ ಬಲಿಗಳನ್ನೂ ಸಾಕ್ಷಿಗೆ ಕರೆದ. ಕೇಂಬ್ರಿಜ್‌ನ ಜಾನ್ ಸ್ಪೆನ್ಸರ್ ಹಿಡಿದಿದ್ದು ಇನ್ನೊಂದೇ ದಾರಿ. ಯಹೂದಿಗಳ ಬಲಿವಿಧಿಗಳೇ ಬಹುಪಾಲು ಈಜಿಪ್ಟ್ ಮತ್ತು ಸುತ್ತಲಿನವರ ರೂಢಿ. ಜನ ಅದಕ್ಕೆ ಒಗ್ಗಿಹೋಗಿದ್ದರು, ಒಮ್ಮೆಲೇ ಬಿಡಿಸೋದು ಕಷ್ಟವೆಂದು ದೇವರು ಸುಮ್ಮನೆ ಒಪ್ಪಿಕೊಂಡ ಎಂದು 1685ರಲ್ಲಿ ಬರೆದ. ಇದೇ ಧಾಟಿಯ ಮಾತನ್ನು 12ನೇ ಶತಮಾನದಲ್ಲೇ ಯಹೂದಿ ಪಂಡಿತ ಮೈಮೊನಿಡೀಸ್ ಆಡಿದ್ದ. ಆದರೆ ಕ್ರಿಸ್ತನ ಮರಣವನ್ನು ಆ ಬಲಿಗಳ ಪೂರ್ಣತೆಯೆಂದು ನಂಬುವ ಕ್ರೈಸ್ತರಲ್ಲಿ ಪಾದ್ರಿಯೊಬ್ಬ ಹೀಗಂದರೆ ಅವನು ಕೂತ ಕೊಂಬೆಯೇ ಅಲ್ಲಾಡುತ್ತೆ ನೋಡಿ!

ಇವರೆಲ್ಲರಿಗಿಂತ ನನ್ನನ್ನು ಹಿಡಿದು ನಿಲ್ಲಿಸಿದವನು ಸ್ಪೇನಿನ ಪಾದ್ರಿ ಬಾರ್ತೊಲೊಮೆ ದೆ ಲಾಸ್ ಕಾಸಾಸ್. ನರಬಲಿ ಕೊಡುವ ಅಮೆರಿಕದ ಮೂಲನಿವಾಸಿಗಳ ಮೇಲೆ ಯುದ್ಧ ಮಾಡುವುದು ನ್ಯಾಯವೇ ಎಂಬ ಚರ್ಚೆ 1550–51ರಲ್ಲಿ ಸ್ಪೇನಿನ ವಯಾದೊಲಿದ್‌ನಲ್ಲಿ ನಡೆಯಿತು. ನ್ಯಾಯವೇ, ಅವರು ವರ್ಷಕ್ಕೆ 20,000 ಜನರನ್ನು ಕೊಲ್ಲುತ್ತಾರೆ ಅನ್ನೋದು ಯುದ್ಧದ ಪರ ವಾದಿಸಿದ ಪಂಡಿತ ಸೆಪುಲ್ವೆದನ ಲೆಕ್ಕ. ಅದಕ್ಕೆ ಎದುರಾಗಿ ಲಾಸ್ ಕಾಸಾಸ್ ಐದು ದಿನ ತನ್ನ ಲ್ಯಾಟಿನ್ ವಾದವನ್ನು ಓದಿದ. ದೇವರಿಗೆ ಇರುವುದರಲ್ಲಿ ಶ್ರೇಷ್ಠವಾದದ್ದನ್ನೇ ಕೊಡಬೇಕೆಂದು ಮನುಷ್ಯನ ಬುದ್ಧಿಗೇ ತೋಚುತ್ತೆ, ಜೀವಕ್ಕಿಂತ ಶ್ರೇಷ್ಠ ಏನಿದೆ? ಅಬ್ರಹಾಮನನ್ನು ದೇವರು ಕೇಳಿದ್ದೂ ಮಗನನ್ನೇ ತಾನೆ? ಅವರು ತಪ್ಪು ತಿಳಿದಿದ್ದಾರೆ, ಆದರೆ ಭಕ್ತಿಯಲ್ಲಿ ಕಡಿಮೆಯೇನಿಲ್ಲ ಎಂದ. ಮೇಲಿಂದ, ಸ್ಪೇನಿನವರು ‘ದುರಾಸೆ’ ಎಂಬ ತಮ್ಮ ದೇವತೆಗೆ ಕೊಟ್ಟ ಬಲಿಯೇ ಇದಕ್ಕಿಂತ ಹೆಚ್ಚು ಅಂತಲೂ ಚುಚ್ಚಿದ. ಆ ಕಾಲಕ್ಕೆ ಇದು ಸಣ್ಣ ಧೈರ್ಯವಲ್ಲ.

ಲಾಸ್ ಕಾಸಾಸ್‌ನದು ವಾದ. ಕೇಳಿ ಬರೆದುಕೊಂಡವನು ಫ್ರಾನ್ಸಿಸ್ಕನ್ ಸನ್ಯಾಸಿ ಸಹಗುನ್. ಮೆಕ್ಸಿಕೋದ ಹಿರಿಯರನ್ನು ಕೂರಿಸಿ, ಅವರದೇ ನಾಹುವಾತಲ್ ಭಾಷೆಯಲ್ಲಿ, ಅಲ್ಲಿನ ಶಿಷ್ಯರ ಕೈಯಲ್ಲಿ 12 ಪುಸ್ತಕ ಬರೆಸಿದ. ಎರಡನೆಯದರಲ್ಲಿ ಹಬ್ಬಗಳಿವೆ. ತೊಷ್ಕಾತ್ಲ್ ಹಬ್ಬಕ್ಕೆ ಮೈಮೇಲೆ ಒಂದು ಕುಂದೂ ಇಲ್ಲದ ಯುವಕನನ್ನು ಆರಿಸಿ, ಇಡೀ ವರ್ಷ ಅವನನ್ನೇ ತೆಸ್ಕತ್ಲಿಪೋಕ ದೇವರೆಂದು ನಡೆಸಿಕೊಳ್ಳುತ್ತಿದ್ದರು. ಕೊಳಲು ಕಲಿಸುತ್ತಿದ್ದರು. ಕೊನೆಯ 20 ದಿನ ನಾಲ್ವರು ಹೆಂಡಿರು. ಕೊನೆಗೆ ಅವನು ತಾನಾಗಿಯೇ ಗುಡಿಯ ಮೆಟ್ಟಿಲು ಹತ್ತುತ್ತಾ, ಮೆಟ್ಟಿಲಿಗೊಂದರಂತೆ ಕೊಳಲು ಮುರಿಯುತ್ತಾ ಹೋಗುತ್ತಿದ್ದ. ಮೇಲೆ ಪೂಜಾರಿಗಳು ಕಾದಿರುತ್ತಿದ್ದರು.

ಮಳೆಗಾಗಿ ಮಕ್ಕಳನ್ನು ಬಲಿ ಕೊಡುವ ಭಾಗಕ್ಕೆ ಬಂದಾಗ ಸಹಗುನ್‌ಗೆ ತಡೆಯಲಾಗದೆ ನಡುವೆ ತನ್ನದೇ ಮಾತು ಸೇರಿಸುತ್ತಾನೆ. ಆದರೆ ಅಲ್ಲೂ ಆ ಅಪ್ಪಂದಿರನ್ನು ಅಷ್ಟಾಗಿ ದೂಷಿಸುವುದಿಲ್ಲ. ಅವರು ಕಣ್ಣೀರಿಡುತ್ತಲೇ ಕೊಡುತ್ತಿದ್ದರು, ತಪ್ಪು ಸೈತಾನನದು ಎನ್ನುತ್ತಾನೆ. ಹೀಯಾಳಿಸಲೆಂದೇ ಕೂತವನು ಆ ಕಣ್ಣೀರನ್ನು ಯಾಕೆ ಬರೆದುಕೊಳ್ಳುತ್ತಾನೆ?

1577ರಲ್ಲಿ ಸ್ಪೇನಿನ ರಾಜ ಎರಡನೇ ಫಿಲಿಪ್ ಸಹಗುನ್‌ನ ಬರಹಗಳನ್ನೆಲ್ಲ ವಶಪಡಿಸಿಕೊಳ್ಳಲು ಆಜ್ಞೆ ಮಾಡಿದ. ಹಸ್ತಪ್ರತಿ ಹೇಗೋ ಉಳಿದು ಈಗ ಫ್ಲಾರೆನ್ಸ್‌ನ ಲಾರೆಂಟಿಯನ್ ಗ್ರಂಥಾಲಯದಲ್ಲಿದೆ, ಆನ್‌ಲೈನ್‌ನಲ್ಲೂ ನೋಡಬಹುದು. ಭಾಷೆ ಬರದಿದ್ದರೂ ಪರವಾಗಿಲ್ಲ, ತೊಷ್ಕಾತ್ಲ್ ಹಬ್ಬದ ಚಿತ್ರ ಹುಡುಕಿ. ಮೆಟ್ಟಿಲ ಮೇಲೆ ಮುರಿದ ಕೊಳಲುಗಳು ಬಿದ್ದಿರುವುದು ಕಾಣುತ್ತೆ.